ಹತ್ತೊಂಬತ್ತು ದಿನ

ಜೂನ್ ೧೪

ತುರ್ತು ಚಿಕಿತ್ಸಾ ವಿಭಾಗದ ಹಿರಿಯ ನರ್ಸ್ ಅವರಿಗೆ,

ಅಕ್ಷರ ನೋಡಿದ ಕೂಡಲೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದು ಎರಡು ಸಲ ನಂಬರ್ ಒತ್ತಿದೆ, ಎರಡು ಸಲವೂ ಕೆಳಗಿಟ್ಟೆ. ಆದ್ದರಿಂದ ಇದನ್ನು ಕೆಲಸದ ಪತ್ರ ಎಂದೇ ಓದು.

ನಾನು ಈಗ ಆಸ್ಪತ್ರೆಯಲ್ಲಿಲ್ಲ. ನಾಲ್ಕು ವರ್ಷದಿಂದ ಒಂದು ಹೈಸ್ಕೂಲಿನ ನರ್ಸ್. ಮೆಟ್ಟಿಲ ಕೆಳಗೆ ಒಂದು ಕೋಣೆ, ಎರಡು ಮಂಚ, ಯಾರು ನಿಂತರೂ ಎರಡು ಕಿಲೋ ಕಡಿಮೆ ತೋರಿಸುವ ತೂಕದ ಯಂತ್ರ, ಬೀಗ ಸರಿಯಾಗಿ ಬೀಳದ ಕಪಾಟು. ಒಂಬೈನೂರು ಮಕ್ಕಳು. ಗಣಿತದ ಪರೀಕ್ಷೆಯ ದಿನ ಹೊಟ್ಟೆನೋವು ಎಂದು ಬರುತ್ತಾರೆ, ಗಂಟೆ ಹೊಡೆದ ಮೇಲೆ ವಾಸಿಯಾಗಿ ಹೋಗುತ್ತಾರೆ. ಅದೆಲ್ಲ ಸರಿ. ತಮ್ಮ ಕೈಯಾರೆ ತಮಗೇ ಗಾಯ ಮಾಡಿಕೊಂಡವರು ಹೋದ ವರ್ಷ ಪೂರ್ತಿ ಇಬ್ಬರು ನನ್ನ ಕಣ್ಣಿಗೆ ಬಿದ್ದರು. ಈ ವರ್ಷ ಶಾಲೆ ತೆರೆದು ಎರಡು ವಾರವಾಗಿಲ್ಲ, ಆಗಲೇ ಐದು ಮಂದಿ. ನೆತ್ತಿ ಸುಡುವ ಬಿಸಿಲಿನಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ.

ಹೆಡ್‌ಮಾಸ್ಟರಿಗೆ ಹೇಳಿದೆ. "ಸಿಸ್ಟರ್, ಇದೆಲ್ಲ ಈಗಿನ ಮಕ್ಕಳ ಫ್ಯಾಷನ್. ಒಬ್ಬಳನ್ನ ನೋಡಿ ಇನ್ನೊಬ್ಬಳು. ನಾವು ದೊಡ್ಡದು ಮಾಡಿದಷ್ಟೂ ದೊಡ್ಡದಾಗುತ್ತೆ" ಅಂದರು. ನಾನು ಎದ್ದು ಹೋಗಲಿಲ್ಲ. ಕೊನೆಗೆ, ಆಡಳಿತ ಮಂಡಳಿಯ ಮುಂದೆ ಅಂಕಿ ಇಟ್ಟು ಮಾತಾಡಿ ಎಂದರು. ಅಂಕಿ ನನ್ನಲ್ಲಿಲ್ಲ, ನಿಮ್ಮಲ್ಲಿರುತ್ತದೆ. ಹೆಸರು ಬೇಡ, ಗುರುತು ಬೇಡ. ಎಷ್ಟು ಮಂದಿ, ಎಷ್ಟು ವಯಸ್ಸು, ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ. ಅಷ್ಟು ಸಾಕು.

ಮಗಳು ಚೆನ್ನಾಗಿದ್ದಾಳೆ. ಬೇರೆ ಊರಿನಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ. ನೀನು ಕೇಳಲಾರೆ ಎಂದು ಗೊತ್ತು, ಅದಕ್ಕೇ ಬರೆದೆ.

ಇತಿ,
ಶಾಲೆಯ ನರ್ಸ್


ಜೂನ್ ೨೭

ಗಡಿಯಾರ,

ನರ್ಸಿಂಗ್ ಹಾಸ್ಟೆಲಿನಲ್ಲಿ ನಿನ್ನನ್ನು ನೋಡಿ ಎಲ್ಲರೂ ಟೈಮ್ ಸರಿಮಾಡಿಕೊಳ್ಳುತ್ತಿದ್ದರಲ್ಲ, ಆ ಹೆಸರು ಬಿಟ್ಟು ಬೇರೆ ಏನು ಬರೆಯಲೂ ನನ್ನ ಕೈ ಏಳಲಿಲ್ಲ. ನನ್ನನ್ನು ನೀವೆಲ್ಲ ಕಡ್ಡಿ ಅನ್ನುತ್ತಿದ್ದಿರಿ. ಕಡ್ಡಿ ಈಗ ದಿಮ್ಮಿಯಾಗಿದ್ದಾಳೆ. ಮಂಡಿ ನೋಯುತ್ತದೆ.

ಕೆಲಸದ ಪತ್ರ ಅಂದೆಯಲ್ಲ, ಕೆಲಸದ ಮಾತೇ ಬರೆಯುತ್ತೇನೆ. ನಮ್ಮ ಮುಖ್ಯ ವೈದ್ಯರ ಒಪ್ಪಿಗೆ ತೆಗೆದುಕೊಂಡಿದ್ದೇನೆ. ನಾನು ಈ ವಾರ್ಡಿಗೆ ಬಂದಾಗ ಇಂಥವರು ತಿಂಗಳಿಗೆ ಒಬ್ಬರೋ ಇಬ್ಬರೋ. ಹೆಚ್ಚಿನವರು ಸಂಸಾರಸ್ಥರು. ಐದು ವರ್ಷದ ಹಿಂದೆ, ಇಪ್ಪತ್ತರ ಒಳಗಿನವರೇ ವರ್ಷಕ್ಕೆ ಎಪ್ಪತ್ತೊಂದು ಮಂದಿ. ಹೋದ ವರ್ಷ ನೂರಾ ಅರವತ್ತೆಂಟು. ಎಲ್ಲರಿಗಿಂತ ಚಿಕ್ಕವಳಿಗೆ ಹನ್ನೊಂದು ವರ್ಷ. ಕಾಲು ನೆಲಕ್ಕೆ ಎಟುಕದೆ ಬೆಂಚಿನ ಮೇಲೆ ಕೂತಿದ್ದಳು. ಹುಡುಗಿಯರು ಜಾಸ್ತಿ. ಹುಡುಗರು ಕಡಿಮೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಅವರು "ಜಗಳದಲ್ಲಿ ಆಯ್ತು" ಅನ್ನುತ್ತಾರೆ, ನಾವು ಹಾಗೆಯೇ ಬರೆದುಕೊಳ್ಳುತ್ತೇವೆ. ಫಲಿತಾಂಶದ ವಾರ ಏರುತ್ತದೆ, ರಜೆಯಲ್ಲಿ ಇಳಿಯುತ್ತದೆ, ಶಾಲೆ ತೆರೆದಾಗ ಮತ್ತೆ ಏರುತ್ತದೆ. ಮೊದಲು ಇರಲೇ ಇಲ್ಲವೋ, ಇದ್ದದ್ದನ್ನು ನಾವು ನೋಡಲಿಲ್ಲವೋ ಎಂದು ಕೇಳಿದರೆ, ಎರಡೂ ಹೌದು ಅನ್ನುತ್ತೇನೆ. ನಮ್ಮ ಬಾಗಿಲಿಗೆ ಬಂದವರ ಲೆಕ್ಕ ಇದು. ಬಾರದವರದು ಯಾರ ಹತ್ತಿರವೂ ಇಲ್ಲ.

ಫ್ಯಾಷನ್ ಎಂಬ ಮಾತಿಗೆ: ಫ್ಯಾಷನ್ ಆಗಿದ್ದರೆ ತೋರಿಸಿಕೊಂಡು ತಿರುಗುತ್ತಿದ್ದರು. ಬಚ್ಚಿಡುವ ಫ್ಯಾಷನ್ ನಾನೆಲ್ಲೂ ಕಂಡಿಲ್ಲ. ಒಬ್ಬರನ್ನು ನೋಡಿ ಒಬ್ಬರು ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ಹೊಟ್ಟೆಯೊಳಗೆ ಸಂಕಟ ಇಲ್ಲದ ಮಗು ಅದನ್ನು ನೋಡಿ ಕಲಿಯುವುದಿಲ್ಲ.

ಮರಿ ಚೆನ್ನಾಗಿದ್ದಾಳೆ ಎಂದು ಬರೆದದ್ದಕ್ಕೆ ನಿನಗೆ ಪುಣ್ಯ ಬರಲಿ. ಕೇಳುವ ಹಕ್ಕು ನನಗಿರಲಿಲ್ಲ.

ನಿನ್ನ,
ಕಡ್ಡಿ


ಜುಲೈ ೨೦

ಕಡ್ಡಿಗೆ,

ನೀನು ಕಳಿಸಿದ ಅಂಕಿಗಳನ್ನು ಮಂಡಳಿಯ ಮುಂದೆ ಓದಿದೆ. ಆರು ಜನ ಗಂಡಸರು, ಇಬ್ಬರು ಹೆಂಗಸರು. ನೂರಾ ಅರವತ್ತೆಂಟು ಅಂದಾಗ ಒಬ್ಬರು ಬಿಸ್ಕೆಟ್ ಕೆಳಗಿಟ್ಟರು. ಅಷ್ಟರ ಮಟ್ಟಿಗೆ ಕೆಲಸವಾಯಿತು. "ಏನಾದರೂ ಕ್ರಮ ತಗೊಳ್ಳೋಣ" ಎಂದು ಎದ್ದರು.

ಈ ಪತ್ರ ಅದಕ್ಕಲ್ಲ. ಹೋದ ವಾರ ಗುರುವಾರ ಒಂಬತ್ತನೇ ತರಗತಿಯ ಒಬ್ಬಳು ತಲೆನೋವೆಂದು ಬಂದು ಎರಡನೇ ಮಂಚದ ಮೇಲೆ ಕೂತಳು. ತಾಯಿ ಬಸ್ಸಿನಲ್ಲಿ ಕಂಡಕ್ಟರ್, ತಂದೆ ಇಲ್ಲ. ಓದಿನಲ್ಲಿ ಮುಂದಿದ್ದವಳು ಈಚೆಗೆ ಹಿಂದೆ ಬಿದ್ದಿದ್ದಾಳೆ. ಮಾತ್ರೆ ಕೊಟ್ಟರೆ ಬೇಡ ಅಂದಳು, ಹೋಗು ಅಂದರೆ ಹೋಗಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತೆ. ಆಮೇಲೆ ಸ್ವೆಟರಿನ ತೋಳು ಮೇಲೆ ಸರಿಸಿದಳು.

ಗಾಯ ತೊಳೆದು ಕಟ್ಟುವಾಗ, "ಅಮ್ಮಂಗೆ ಹೇಳ್ಬೇಡಿ ಸಿಸ್ಟರ್. ಹೇಳಲ್ಲ ಅಂತ ಹೇಳಿ" ಅಂದಳು.

"ಹೇಳಲ್ಲ" ಅಂದೆ.

ಇಪ್ಪತ್ತಾರು ವರ್ಷದಿಂದ ನರ್ಸು ನಾನು. ನಿಯಮ ಗೊತ್ತು. ಆದರೂ ಆ ಮಾತು ನನಗಿಂತ ಮೊದಲೇ ಬಾಯಿಂದ ಹೊರಬಿತ್ತು, ಅಳುವ ಮಗುವಿನ ತಲೆಗೆ ಕೈ ತಾನಾಗಿ ಹೋಗುತ್ತದಲ್ಲ, ಹಾಗೆ. ಅವಳು ಹೋದ ಮೇಲೆ ಮಂಚದ ಹೊದಿಕೆ ಸರಿಮಾಡುತ್ತ ನಿಂತಿದ್ದಾಗ ನೀನು ನೆನಪಾದೆ. ಇಂದಿಗೆ ಒಂಬತ್ತು ದಿನ. ಅವಳಮ್ಮನಿಗೆ ಹೇಳಿಲ್ಲ. ಪ್ರತಿ ದಿನ ಬೆಳಿಗ್ಗೆ ಗೇಟಿನಲ್ಲಿ ನಿಂತು ಅವಳು ಬಂದಳಾ ಎಂದು ನೋಡಿ, ಬಂದಿದ್ದರೆ ಉಸಿರು ಬಿಡುತ್ತೇನೆ.

ಆ ಹತ್ತೊಂಬತ್ತು ದಿನ ಏನಾಯಿತೆಂದು ಆವತ್ತು ನಾನು ನಿನ್ನನ್ನು ಮಾತಾಡಲು ಬಿಡಲಿಲ್ಲ. ಈಗ ಕೇಳುತ್ತಿದ್ದೇನೆ. ಬರೆಯಲು ಮನಸ್ಸಿಲ್ಲದಿದ್ದರೆ ಬೇಡ.

ಗಡಿಯಾರ


ಜುಲೈ ೩೦

ಗಡಿಯಾರ,

ನಾಲ್ಕು ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಆವತ್ತು ಮಂಗಳವಾರ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮರಿ ಒಬ್ಬಳೇ ಬಂದಳು, ಯೂನಿಫಾರ್ಮಿನಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು. ನನ್ನನ್ನು ಕರೆಯಿರಿ ಎಂದು ಯಾರಿಗೂ ಹೇಳಲಿಲ್ಲ. ಕಾಲು ಉಳುಕಿದವರು, ಜ್ವರದವರು, ಎಲ್ಲರ ಹಿಂದೆ ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗಲೇ ನಾನು ತಲೆ ಎತ್ತಿ ನೋಡಿದ್ದು. ಹದಿನೈದು ವರ್ಷ. ನಾನು ಎತ್ತಿ ಆಡಿಸಿದ ಮಗು.

ಗಾಯ ತೀರಾ ಆಳವಿರಲಿಲ್ಲ. ಅದು ಮೊದಲನೆಯದೂ ಆಗಿರಲಿಲ್ಲ. "ಆಂಟಿ, ಅಮ್ಮಂಗೆ ಹೇಳಿದ್ರೆ ನಾನು ಮನೆಗೇ ಹೋಗಲ್ಲ" ಅಂದಳು. ಅಳುತ್ತಾ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದಳು. ಹೆದರಿಬಿಟ್ಟೆ. "ಪರೀಕ್ಷೆ ಮುಗೀಲಿ, ನಾನೇ ಹೇಳ್ತೀನಿ" ಅಂದಳು. ಪರೀಕ್ಷೆ ಮುಗಿಯಲು ಮೂರು ವಾರವಿತ್ತು. ಒಪ್ಪಿದೆ.

ನೆನಪಿದೆಯಾ, ಆ ದಿನಗಳಲ್ಲಿ ನಾನು ದಿನ ಬಿಟ್ಟು ದಿನ ನಿಮ್ಮ ಮನೆಗೆ ಬರುತ್ತಿದ್ದೆ. ಪಾತ್ರೆ ವಾಪಸ್ ಕೊಡಲು, ಕತ್ತರಿ ಕೇಳಲು, ಏನೂ ಇಲ್ಲದಿದ್ದರೆ ಟೀ ಕುಡಿಯಲು. "ಏನೇ, ಗಂಡ ಮನೆಯಿಂದ ಹೊರಗೆ ಹಾಕಿದ್ನಾ" ಎಂದು ನೀನು ನಗುತ್ತಿದ್ದೆ. ನಾನು ಮರಿಯ ಮುಖ ನೋಡುತ್ತಿದ್ದೆ, ಅವಳು ಪುಸ್ತಕ ನೋಡುತ್ತಿದ್ದಳು. ಮೂರನೇ ಸಲ ಬಂದಾಗ ಹೇಳಿಯೇಬಿಡೋಣವೆಂದು ಬಂದಿದ್ದೆ. ನೀನು ಸ್ಟೂಲಿನ ಮೇಲೆ ಹತ್ತಿ ಬಲ್ಬ್ ಬದಲಿಸುತ್ತಿದ್ದೆ. "ಇವಳು ಈ ಸಲ ಕ್ಲಾಸಿಗೇ ಮೊದಲು ಬರ್ತಾಳೆ ನೋಡ್ತಿರು" ಅಂದೆ. ನಾನು ಸ್ಟೂಲ್ ಹಿಡಿದುಕೊಂಡು ನಿಂತೆ, ಅಷ್ಟೇ.

ಹತ್ತೊಂಬತ್ತನೇ ದಿನ ಅವಳೇ ನಿನಗೆ ಹೇಳಿದಳು. ನನ್ನ ಹೆಸರನ್ನೂ ಹೇಳಿದಳು. ನೀನು ವಾರ್ಡಿಗೆ ಬಂದು ರೋಗಿಗಳೆಲ್ಲರ ಮುಂದೆ "ನನ್ನ ಮನೇಲಿ ಕೂತು ಟೀ ಕುಡಿದ್ಯಲ್ಲ" ಅಂದೆ. ಆ ದಿನಗಳಲ್ಲಿ ಏನಾದರೂ ಆಗಿದ್ದರೆ ಎಂದು ಈಗಲೂ ಭಯವಾಗುತ್ತದೆ.

ನಿನ್ನ ಹುಡುಗಿಯ ವಿಷಯ. ನಾನು ಮಾಡಿದ್ದನ್ನು ಮಾಡಬೇಡ. ನಾಳೆಯೇ ಅವಳನ್ನು ಕರೆದು, "ಹೇಳಲ್ಲ ಅಂದದ್ದು ನನ್ನ ತಪ್ಪು" ಎಂದು ಅವಳ ಮುಖ ನೋಡಿಕೊಂಡು ಹೇಳು. ಬೆನ್ನ ಹಿಂದೆ ಹೋಗಬೇಡ. ಯಾವಾಗ, ಎಲ್ಲಿ, ಮೊದಲು ಯಾರು ಮಾತಾಡಬೇಕು, ಇದೆಲ್ಲ ಅವಳಿಗೆ ಬಿಡು. ಹೇಳಬೇಕೋ ಬೇಡವೋ ಅನ್ನುವುದನ್ನು ಬಿಡಬೇಡ. ಅದು ಅಷ್ಟು ಚಿಕ್ಕವರು ಹೊರುವ ಭಾರವಲ್ಲ. ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿ ಕೇಳು. ಕೇಳಿದರೆ ತಲೆಗೆ ಬರುತ್ತದೆ ಎಂದು ಹೆದರಬೇಡ. ಬಂದಿದ್ದರೆ ಆಗಲೇ ಬಂದಿರುತ್ತದೆ, ಕೇಳುವವರು ಸಿಕ್ಕರು ಎಂದು ಹಗುರಾಗುತ್ತಾರೆ. ನಮ್ಮಲ್ಲಿ ಮಂಗಳವಾರ, ಶುಕ್ರವಾರ ಮನೋವೈದ್ಯೆ ಒಬ್ಬರು ಬರುತ್ತಾರೆ. ಮಕ್ಕಳ ಜೊತೆ ತಾವೂ ನೆಲದ ಮೇಲೆ ಕೂರುವವರು. ನನ್ನ ಹೆಸರು ಹೇಳಿದರೆ ಸಾಕು, ಚೀಟಿ ಬೇಡ.

ಕಡ್ಡಿ


ಆಗಸ್ಟ್ ೨೨

ಕಡ್ಡಿ,

ನೀನು ಹೇಳಿದ ಹಾಗೇ ಮಾಡಿದೆ. ಹುಡುಗಿ ಕೇಳಿಸಿಕೊಂಡಳು. "ನೀವೂ ಹೀಗೇನಾ" ಅಂದಳು, ಎದ್ದು ಹೋದಳು. ಒಂದು ವಾರ ನನ್ನ ಕೋಣೆಯ ಮುಂದೆ ಹಾಯುವಾಗ ಗೋಡೆ ನೋಡಿಕೊಂಡು ಹಾದುಹೋದಳು. ಎಂಟನೇ ದಿನ ಬಂದು ಬಾಗಿಲಲ್ಲೇ ನಿಂತು, "ಅಮ್ಮಂಗೆ ಬುಧವಾರ ರಜ. ನೀವು ಮಾತಾಡಿ, ನಾನು ಪಕ್ಕದಲ್ಲಿ ಇರ್ತೀನಿ" ಅಂದಳು. ಸಾಯಬೇಕು ಅನ್ನಿಸುತ್ತದಾ ಎಂದೂ ಕೇಳಿದೆ. "ಇಲ್ಲ. ಸುಮ್ನೆ ಇರಬೇಕು ಅನ್ಸುತ್ತೆ, ಯಾರೂ ಏನೂ ಕೇಳ್ದೆ" ಅಂದಳು.

ಆ ಬುಧವಾರ ಬರಲಿಲ್ಲ. ಅದಕ್ಕೆ ಮೊದಲೇ, ಸೋಮವಾರ, ಮಂಡಳಿಯ ಕ್ರಮ ಬಂತು. ಪ್ರಾರ್ಥನೆಯಾದ ಮೇಲೆ ಎಂಟರಿಂದ ಹತ್ತರವರೆಗಿನ ಮಕ್ಕಳನ್ನೆಲ್ಲ ಮೈದಾನದಲ್ಲಿ ನಿಲ್ಲಿಸಿ ಅಂಗಿಯ ತೋಳು ಮಡಚಿಸಿ ನೋಡಬೇಕಂತೆ. ನೋಡುವವಳು ನಾನಂತೆ. "ಈ ಕೆಲಸ ನಾನು ಮಾಡಲ್ಲ ಸಾರ್" ಅಂದೆ. "ಅಂಕಿ ತಂದವರು ನೀವೇ ಅಲ್ವಾ" ಅಂದರು ಹೆಡ್‌ಮಾಸ್ಟರ್. ಅವರು ಕೆಟ್ಟ ಮನುಷ್ಯರಲ್ಲ. ಹೆದರಿದ್ದರು. ಪತ್ರಿಕೆಯಲ್ಲಿ ಬಂದರೆ ಎಂದು.

ನಾನು ಮಾಡದಿದ್ದರೆ ಕೆಲಸ ನಿಲ್ಲುತ್ತದೆಯೇ? ಡ್ರಿಲ್ ಮಾಸ್ತರು ಹುಡುಗರನ್ನು, ಹೊಲಿಗೆ ಟೀಚರ್ ಹುಡುಗಿಯರನ್ನು. ಹನ್ನೊಂದು ಮಂದಿಯನ್ನು ಪಕ್ಕಕ್ಕೆ ನಿಲ್ಲಿಸಿದರು. ನಾನು ಓಡಿಹೋಗಿ ಆ ಹನ್ನೊಂದು ಮಂದಿಯನ್ನೂ ನನ್ನ ಕೋಣೆಗೆ ಕರೆತಂದು ಬಾಗಿಲು ಹಾಕಿದೆ. ಎರಡೇ ಮಂಚ. ನೆಲದ ಮೇಲೆ ಕೂತರು. ಒಬ್ಬರೂ ಅಳಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರಲ್ಲಿ ನಾಲ್ಕು ಜನ ಹುಡುಗರು. ನೀನು ಬರೆದದ್ದು ನಿಜ.

ಅವರಲ್ಲಿದ್ದ ಕಂಡಕ್ಟರ್ ಮಗಳು ಮಾರನೇ ದಿನದಿಂದ ಶಾಲೆಗೆ ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ಬೇರೆ ಮಕ್ಕಳು ಈಗ ನನ್ನ ಕೋಣೆಗೆ ಹೊಟ್ಟೆನೋವಿಗೂ ಬರುವುದಿಲ್ಲ.

ಸಾಕಾಗಿದೆ. ಏನು ಮಾಡಿದರೂ ಇಷ್ಟೇ ಎಂದು ಒಂದು ಘಳಿಗೆ ಅನ್ನಿಸುತ್ತದೆ. ರಾಜೀನಾಮೆ ಬರೆದಿಟ್ಟಿದ್ದೇನೆ, ಕೊಟ್ಟಿಲ್ಲ.

ಗಡಿಯಾರ


ಆಗಸ್ಟ್ ೨೭

ಗಡಿಯಾರ,

ಈ ಕಾಗದ ಕೈಗೆ ಬಂದ ಕೂಡಲೇ ಅವಳ ಮನೆಗೆ ಹೋಗು. ಫೋನ್ ಎತ್ತದಿದ್ದರೆ ಬಾಗಿಲು ಬಡಿ. ಬೈದರೆ ಬೈಸಿಕೋ. ರಾಜೀನಾಮೆ ಆಮೇಲೆ ಕೊಡುವೆಯಂತೆ, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಕಡ್ಡಿ


ಸೆಪ್ಟೆಂಬರ್ ೧೬

ಕಡ್ಡಿ,

ಹೋಗಿದ್ದೆ. ಮೂರನೇ ಮಹಡಿ, ಎರಡು ಕೋಣೆಯ ಮನೆ. ಕಂಡಕ್ಟರ್ ಆಗಷ್ಟೇ ಡ್ಯೂಟಿಯಿಂದ ಬಂದಿದ್ದರು, ಖಾಕಿ ಅಂಗಿ ಇನ್ನೂ ಮೈಮೇಲಿತ್ತು. ನನ್ನ ಪರಿಚಯ ಹೇಳಿದೆ. ಬಾಗಿಲಲ್ಲೇ ನಿಲ್ಲಿಸಿ ಕಾಲು ಗಂಟೆ ಬೈದರು. ಶಾಲೆಯನ್ನು, ಹೆಡ್‌ಮಾಸ್ಟರನ್ನು, ಹೊಲಿಗೆ ಟೀಚರನ್ನು, ನನ್ನನ್ನು. "ಬಸ್ಸಲ್ಲಿ ದಿನಾ ಸಾವಿರ ಜನದ ಬಾಯಿ ಕೇಳ್ತೀನಿ, ಒಬ್ರೂ ನನ್ ಮಗಳನ್ನ ಹಿಂಗೆ ಬಜಾರಲ್ಲಿ ನಿಲ್ಸಿರಲಿಲ್ಲ" ಅಂದರು. ನಾನು ತಲೆ ಬಗ್ಗಿಸಿ ನಿಂತೆ. ಹುಡುಗಿ ಒಳಗಿನಿಂದ "ಅಮ್ಮಾ, ಅವರಲ್ಲ. ಅವರು ನಮ್ಮನ್ನ ಒಳಗೆ ಕರ್ಕೊಂಡು ಹೋದವರು" ಅಂದಳು. ಆಮೇಲೆ ಕೂರಲು ಹೇಳಿದರು.

ಹುಡುಗಿ ಪಕ್ಕದಲ್ಲಿ ಕೂತಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಕಂಡಕ್ಟರ್ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, ನನ್ನನ್ನಲ್ಲ, ಮಗಳನ್ನು ನೋಡಿಕೊಂಡು ಹೇಳಿದರು: "ಕಲೆ ನಾನು ಕಂಡಿದ್ದೆ ಕಣೇ. ಬಟ್ಟೆ ಒಗೆಯೋಳು ನಾನೇ ಅಲ್ವಾ. ಮೊದಲನೇ ಸಲ ಮೊಡವೆ ಒಡೆದಿರಬೇಕು ಅನ್ಕೊಂಡೆ. ಎರಡನೇ ಸಲ ಮಸಿ ಇರಬೇಕು ಅನ್ಕೊಂಡೆ. ಮೂರನೇ ಸಲ ಏನೂ ಅನ್ಕೊಳ್ಳಲಿಲ್ಲ. ಕೇಳಿದ್ರೆ ಏನು ಹೇಳ್ತೀಯೋ ಅಂತ ಭಯ ಆಯ್ತು."

ಹುಡುಗಿ ಆಗ ಅತ್ತಳು. ತಾಯಿ ಅಳಲಿಲ್ಲ. ಎಡಗೈಯಿಂದ ಅವಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡರು. ಇಬ್ಬರೂ ಶುಕ್ರವಾರ ನಿಮ್ಮ ವೈದ್ಯೆಯ ಹತ್ತಿರ ಬಂದಿದ್ದರು, ನಿನಗೂ ಗೊತ್ತಿರಬಹುದು. ಹುಡುಗಿ ಶಾಲೆಗೆ ಮತ್ತೆ ಬರುತ್ತಿದ್ದಾಳೆ, ಈಗ ವಾರಕ್ಕೆ ಮೂರು ದಿನ. ಉಳಿದ ಹತ್ತು ಮಂದಿಯ ಮನೆಗಳಿಗೂ ಒಂದೊಂದಾಗಿ ಹೋಗುತ್ತಿದ್ದೇನೆ. ಆರು ಮುಗಿದಿದೆ. ಎರಡು ಮನೆಗಳಲ್ಲಿ ಬಾಗಿಲು ತೆಗೆಯಲಿಲ್ಲ. ಮತ್ತೆ ಹೋಗಬೇಕು. ಮೈದಾನದ ತಪಾಸಣೆ ಇನ್ನು ಮೇಲೆ ಇಲ್ಲ ಎಂದು ಹೆಡ್‌ಮಾಸ್ಟರರಿಂದ ಬರೆಸಿಕೊಂಡಿದ್ದೇನೆ.

ಆದರೆ ಆವತ್ತು ಕಂಡಕ್ಟರ್ ಮನೆಯ ಮೆಟ್ಟಿಲು ಇಳಿಯುವಾಗ ಎರಡನೇ ಮಹಡಿಯಲ್ಲಿ ಯಾರದೋ ಬಾಗಿಲ ಮುಂದೆ ಕೂತುಬಿಟ್ಟೆ.

ಮರಿಯ ಬಿಳಿ ಅಂಗಿ. ನೀನು ಗಾಯ ಕಟ್ಟಿದ್ದಕ್ಕೂ ಎರಡು ತಿಂಗಳ ಮೊದಲು. ತೋಳಿನ ಒಳಗೆ ಸಣ್ಣ ಕಂದು ಗೆರೆ. ರಕ್ತ ಅಂದರೇನೆಂದು ನನಗೆ ಗೊತ್ತಿಲ್ಲವೇ? ಹತ್ತೊಂಬತ್ತು ವರ್ಷ ವಾರ್ಡಿನಲ್ಲಿದ್ದವಳು. ತಣ್ಣೀರಿನಲ್ಲಿ ನೆನೆಸಿಟ್ಟೆ, ಉಜ್ಜಿದೆ, ಇಸ್ತ್ರಿ ಮಾಡಿ ಅವಳ ಕಪಾಟಿನಲ್ಲಿಟ್ಟೆ. ಒಂದು ಸಲವಲ್ಲ. ಒಂದು ಮಾತು ಕೇಳಲಿಲ್ಲ. ನೀನು ಹತ್ತೊಂಬತ್ತು ದಿನ ಬಾಯಿ ಬಿಡಲಿಲ್ಲ ಎಂದು ಏಳು ವರ್ಷ ನಿನ್ನ ಮೇಲೆ ಹಲ್ಲು ಕಡಿದೆ. ನಾನು ಬಾಯಿ ಬಿಡದಿದ್ದ ದಿನಗಳನ್ನು ಎಣಿಸಲೇ ಇಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಿನಗೇ ಮೊದಲು. ಮರಿಗೂ ಹೇಳಬೇಕು. ಮುಂದಿನ ತಿಂಗಳು ಬರುತ್ತಾಳೆ. ಹೇಗೆ ಶುರು ಮಾಡುವುದೋ ತಿಳಿಯದು.

ವಾರ್ಡಿನಲ್ಲಿ ಎಲ್ಲರ ಮುಂದೆ ಅಂದ ಮಾತಿಗೆ ಕ್ಷಮೆ ಕೇಳುತ್ತಿದ್ದೇನೆ. ಬಹಳ ತಡವಾಯಿತು.

ನಿನ್ನ,
ಗಡಿಯಾರ


ನವೆಂಬರ್ ೩

ಪ್ರೀತಿಯ ಆಂಟಿ,

ನಾನು ಮರಿ. ಅಮ್ಮನ ಮೇಜಿನ ಮೇಲೆ ನಿಮ್ಮ ವಿಳಾಸ ಇತ್ತು. ಅಮ್ಮ ಬರೆಯಲು ಕೂತು ಎದ್ದು, ಕೂತು ಎದ್ದು ಮಾಡುತ್ತಿದ್ದಳು. ನಾನು ಬರೀಲಾ ಅಂದೆ. ಬರಿ ಅಂದಳು.

ಹೋದ ಶನಿವಾರ ಊಟವಾದ ಮೇಲೆ ಪಾತ್ರೆ ತೊಳೆಯುತ್ತ ನನಗೆ ಬೆನ್ನು ಹಾಕಿ ನಿಂತುಕೊಂಡೇ ಅಂಗಿಯ ವಿಷಯ ಹೇಳಿದಳು. ನಲ್ಲಿ ನಿಲ್ಲಿಸಲಿಲ್ಲ, ಅರ್ಧ ಮಾತು ಕೇಳಿಸಲಿಲ್ಲ. ಆದರೂ ಅರ್ಥವಾಯಿತು. "ಗೊತ್ತಮ್ಮ" ಅಂದೆ. "ಏನು ಗೊತ್ತು" ಅಂದಳು. "ನೀನು ನೋಡ್ತಿದ್ದೆ ಅಂತ. ಆ ಅಂಗೀನ ನಾನು ಒಗೆಯೋ ಬಟ್ಟೆ ಮೇಲುಗಡೆಗೇ ಇಡ್ತಿದ್ದೆ." ಅಮ್ಮ ನಲ್ಲಿ ನಿಲ್ಲಿಸಿದಳು.

ಅದನ್ನು ಹೇಳಬಾರದಿತ್ತೇನೋ ಎಂದು ಭಾನುವಾರ ಇಡೀ ದಿನ ಅನ್ನಿಸಿತು. ನಿಮಗೂ ಒಂದು ಮಾತು ಹೇಳಬೇಕು. ಹೇಳಬೇಡಿ ಎಂದು ನಿಮ್ಮನ್ನು ಕೇಳಿದವಳು ನಾನು. ನೀವು ಒಪ್ಪಬಾರದಿತ್ತು. ಆದರೆ ನೀವು ಸುಳ್ಳು ನೆಪ ಹೇಳಿಕೊಂಡು ಮನೆಗೆ ಬರುತ್ತಿದ್ದ ದಿನಗಳಲ್ಲಿ ನನಗೆ ನಿದ್ದೆ ಬರುತ್ತಿತ್ತು. ಎರಡೂ ನಿಜ. ನಿಮ್ಮಿಬ್ಬರ ಮಾತು ನಿಂತದ್ದು ನನ್ನಿಂದ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ ಎಂದು ನನ್ನ ಡಾಕ್ಟರ್ ನೂರು ಸಲ ಹೇಳಿದ್ದಾರೆ. ಅಮ್ಮ ಹೇಳಿದ ಮೇಲೆ ಸ್ವಲ್ಪ ನಂಬಿಕೆ ಬಂದಿದೆ.

ಸೋಮವಾರ ಬೆಳಿಗ್ಗೆ ಅಮ್ಮ ಶಾಲೆಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. "ಅಮ್ಮಾ, ಹೋದ ತಿಂಗಳು ಒಂದ್ಸಲ ಮತ್ತೆ ಮಾಡ್ಕೊಂಡೆ" ಅಂದೆ. ಸುಮಾರು ಐದು ವರ್ಷದ ಮೇಲೆ, ಒಂದೇ ಸಲ. ಮಾರನೇ ದಿನವೇ ಡಾಕ್ಟರಿಗೆ ಫೋನ್ ಮಾಡಿದ್ದೆ, ಈಗ ವಾರ ವಾರ ಹೋಗುತ್ತಿದ್ದೇನೆ. ಅದನ್ನೂ ಹೇಳಿದೆ.

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. ತೋರಿಸು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ. "ಈಗ ಹೇಗಿದ್ದೀಯ" ಅಂದಳು.

"ಸುಸ್ತು" ಅಂದೆ.

"ನಂಗೂ" ಅಂದಳು.

ಶಾಲೆಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಅಂದಳು. ಯಾಕೆಂದು ಅವರು ಕೇಳಿರಬೇಕು. "ಮಗಳು ಬಂದಿದ್ದಾಳೆ" ಅಂದಳು. ಆಮೇಲೆ ನಾವಿಬ್ಬರೂ ಒಂದೇ ಮಂಚದ ಮೇಲೆ ಮಧ್ಯಾಹ್ನ ಎರಡು ಗಂಟೆಯವರೆಗೆ ಮಲಗಿದೆವು.

ನಿಮ್ಮ,
ಮರಿ